ಜನ ಮೆಚ್ಚಿದ ಆಟ ಮಾಡಿದ ಸ್ಟುಡಿಯೋವನ್ನೂ ಮಾರಾಟ ಸಾಲದೆಂದು ಏಕೆ ಮುಚ್ಚುತ್ತಾರೆ? ಮಗನನ್ನು ಈ ಕೆಲಸಕ್ಕೆ ಕಳುಹಿಸಬಹುದೇ?

ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಸುಂಟಿಕೊಪ್ಪದಲ್ಲಿರುವ ನಿಮ್ಮ ಮಗ ದ್ವಿತೀಯ ಪಿಯುಸಿ ಮುಗಿದ ಮೇಲೆ ವಿಡಿಯೋ ಗೇಮ್ ಮಾಡುವುದನ್ನೇ ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾನೆ. ಅದೇ ಹೊತ್ತಿಗೆ, ಎಲ್ಲರೂ ಹೊಗಳಿದ ಆಟ ಮಾಡಿದ ಸ್ಟುಡಿಯೋವೊಂದನ್ನು ಮಾರಾಟ ಸಾಲಲಿಲ್ಲವೆಂದು ಮುಚ್ಚಿದ ಸುದ್ದಿಯನ್ನು ಅವನೇ ಬೇಸರದಿಂದ ನಿಮಗೆ ಹೇಳಿದ್ದಾನೆ. ಒಳ್ಳೆಯ ಕೆಲಸ ಮಾಡಿದವರಿಗೇ ಈ ಗತಿಯಾದರೆ ಮಗನನ್ನು ಅತ್ತ ಕಳುಹಿಸುವುದು ಹೇಗೆ ಎಂದು ಕೇಳಿದ್ದೀರಿ. ಕಳುಹಿಸಿ ಎಂದೇ ನಾನು ಹೇಳುತ್ತೇನೆ. ಆದರೆ ಸ್ಟುಡಿಯೋಗಳು ಏಕೆ ಮುಚ್ಚುತ್ತವೆ ಎಂಬುದು ನಿಮಗೂ ಅವನಿಗೂ ಮೊದಲೇ ಗೊತ್ತಿರಬೇಕು.

ನಾನು ಗೋಣಿಕೊಪ್ಪಲಿನ ಕಡೆಯವಳು. ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಓದಿ ಬೆಂಗಳೂರಿಗೆ ಹೋದೆ. ಹೊರದೇಶದ ಸ್ಟುಡಿಯೋಗಳ ಆಟಗಳಿಗೆ ಮರ, ಬಂಡೆ, ಗೋಡೆ, ಬೀದಿಗಳನ್ನು ಮಾಡಿಕೊಡುವ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಈಗ ಊರಿನ ಮನೆಯಲ್ಲೇ ಕುಳಿತು ಅದೇ ಕೆಲಸವನ್ನು ಮಾಡುತ್ತಿದ್ದೇನೆ. ಸೇನೆಗೆ ಹೋಗುವ ಮಗ, ಬ್ಯಾಂಕಿಗೆ ಸೇರುವ ಮಗಳು, ಹಾಕಿ ಆಡುವ ಹುಡುಗ, ಇವರೆಲ್ಲ ಏನು ಮಾಡುತ್ತಾರೆ ಎಂಬುದು ನಮ್ಮ ಕೊಡಗು ಜಿಲ್ಲೆಗೆ ಅರ್ಥವಾಗುತ್ತದೆ. ಆಟ ಮಾಡಿ ಸಂಬಳ ಪಡೆಯುತ್ತೇನೆ ಎಂದರೆ ಮನೆಯವರಿಗೆ ದಿಗಿಲಾಗುವುದು ಸಹಜ. ನನ್ನ ಅವ್ವನಿಗೂ ಆಗಿತ್ತು.

ಕಾಲೇಜು ಹಾಸ್ಟೆಲ್ಲಿನಲ್ಲಿ ನಾವು ಆಡುತ್ತಿದ್ದ ‘ಬ್ಲರ್’ ಎಂಬ ಕಾರ್ ರೇಸಿನ ಆಟದಿಂದಲೇ ಶುರುಮಾಡುತ್ತೇನೆ. ಒಂದೇ ಪರದೆಯನ್ನು ನಾಲ್ಕು ಭಾಗ ಮಾಡಿಕೊಂಡು ನಾಲ್ವರು ಒಟ್ಟಿಗೆ ಓಡಿಸಬಹುದಾಗಿದ್ದ ಆಟ ಅದು. ಸಾಮಾನ್ಯ ಕಂಪ್ಯೂಟರಿನಲ್ಲೂ ನಡೆಯುತ್ತಿತ್ತು. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಬಿಜಾರ್ ಕ್ರಿಯೇಷನ್ಸ್ ಅದನ್ನು ಮಾಡಿತ್ತು. ಅದಕ್ಕೂ ಮೊದಲು ‘ಪ್ರಾಜೆಕ್ಟ್ ಗೋಥಮ್ ರೇಸಿಂಗ್’ ಸರಣಿಯಿಂದ ಹೆಸರು ಮಾಡಿದ್ದ ತಂಡ ಅದು. 2007ರಲ್ಲಿ ಅಮೆರಿಕದ ಗೇಮ್ ಕಂಪನಿ ಆಕ್ಟಿವಿಷನ್ ಅದನ್ನು ಕೊಂಡಿತು. 2010ರ ಮೇ ತಿಂಗಳಲ್ಲಿ ಬ್ಲರ್ ಹೊರಬಂತು. ಅದೇ ಮೇ ತಿಂಗಳಲ್ಲಿ ಡಿಸ್ನಿಯ ಬ್ಲ್ಯಾಕ್ ರಾಕ್ ಸ್ಟುಡಿಯೋ ಮಾಡಿದ ‘ಸ್ಪ್ಲಿಟ್/ಸೆಕೆಂಡ್’ ಎಂಬ ಇನ್ನೊಂದು ರೇಸ್ ಆಟವೂ ಬಂತು, ‘ರೆಡ್ ಡೆಡ್ ರಿಡೆಂಪ್ಷನ್’ ಎಂಬ ದೈತ್ಯನೂ ಬಂದ. ಕೊಳ್ಳುವವರ ಕೈಯಲ್ಲಿದ್ದ ಹಣ ಆ ದೈತ್ಯನ ಪಾಲಾಯಿತು. ಎರಡೂ ರೇಸ್ ಆಟಗಳು ಎಣಿಸಿದಷ್ಟು ಮಾರಾಟವಾಗಲಿಲ್ಲ. 2011ರ ಫೆಬ್ರುವರಿಯಲ್ಲಿ ಬಿಜಾರ್ ಮುಚ್ಚಿತು. ಅದೇ ವರ್ಷ ಬ್ಲ್ಯಾಕ್ ರಾಕ್ ಕೂಡ ಮುಚ್ಚಿತು.

ವಿಚಿತ್ರವೆಂದರೆ, ನಮ್ಮ ಕಾಲೇಜಿನಲ್ಲಿ ಬ್ಲರ್ ಆಟದ ಹುಚ್ಚು ಏರಿದ್ದೇ ಆ ಸ್ಟುಡಿಯೋ ಮುಚ್ಚಿದ ಮೇಲೆ. ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಹಾರಿ ಬಂದ ಆ ಪ್ರತಿಗಳಲ್ಲಿ ಒಂದೂ ಯಾರ ಲೆಕ್ಕದ ಪುಸ್ತಕಕ್ಕೂ ಸೇರಲಿಲ್ಲ. ಆಡುವವರ ಸಂಖ್ಯೆ ಬೇರೆ, ಕೊಳ್ಳುವವರ ಸಂಖ್ಯೆ ಬೇರೆ. ಅದರಲ್ಲೂ ಬಿಡುಗಡೆಯಾದ ಮೊದಲ ಕೆಲವು ವಾರಗಳಲ್ಲಿ ಪೂರ್ತಿ ಬೆಲೆ ಕೊಟ್ಟು ಕೊಳ್ಳುವವರ ಸಂಖ್ಯೆ ಇನ್ನೂ ಬೇರೆ. ಸ್ಟುಡಿಯೋದ ಹಣೆಬರಹವನ್ನು ಹೆಚ್ಚಾಗಿ ಬರೆಯುವವರು ಈ ಕೊನೆಯವರೇ.

ಈಗ ಹಣದ ಲೆಕ್ಕ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಸುದ್ದಿಗಳಲ್ಲಿ ಇದು ಬರುವುದೇ ಇಲ್ಲ. ಆಟದ ಖರ್ಚಿನಲ್ಲಿ ಬಹುಪಾಲು ಸಂಬಳವೇ. ಅಮೆರಿಕದ ಸ್ಟುಡಿಯೋಗಳಲ್ಲಿ ಒಬ್ಬರಿಗೆ ತಿಂಗಳಿಗೆ ಸಂಬಳ, ಬಾಡಿಗೆ, ವಿಮೆ ಎಲ್ಲ ಸೇರಿ ಸುಮಾರು 10,000 ಡಾಲರ್ ಎಂಬ ಅಂದಾಜನ್ನು ಉದ್ಯಮದವರು ಬಹಳ ಕಾಲ ಬಳಸಿದ್ದಾರೆ. ನೂರು ಜನರ ತಂಡ ಮೂರು ವರ್ಷ ದುಡಿದರೆ 3.6 ಕೋಟಿ ಡಾಲರ್ ಆಯಿತು. ಆಟದ ಬೆಲೆ 60 ಡಾಲರ್ ಎಂದುಕೊಳ್ಳಿ. ಮಾರುವ ಆನ್‌ಲೈನ್ ಅಂಗಡಿ ಸಾಮಾನ್ಯವಾಗಿ ಶೇ 30ರಷ್ಟನ್ನು ಇಟ್ಟುಕೊಳ್ಳುತ್ತದೆ, ಉಳಿಯುವುದು 42. ಹಾಕಿದ ಹಣ ಹಿಂದಿರುಗಲು ಎಂಟೂವರೆ ಲಕ್ಷಕ್ಕೂ ಹೆಚ್ಚು ಪ್ರತಿಗಳು ಪೂರ್ತಿ ಬೆಲೆಗೆ ಮಾರಾಟವಾಗಬೇಕು. ಜಾಹೀರಾತು, ತೆರಿಗೆ, ರಿಯಾಯಿತಿ ಮಾರಾಟ ಯಾವುದನ್ನೂ ನಾನು ಇದರಲ್ಲಿ ಸೇರಿಸಿಲ್ಲ. ಇಷ್ಟೂ ಖರ್ಚು ಆಗಿಹೋಗುವುದು ಮೊದಲ ಪ್ರತಿ ಮಾರಾಟವಾಗುವ ಮೊದಲೇ.

ಈ ಹಣವನ್ನು ಸ್ಟುಡಿಯೋ ತಾನೇ ಹಾಕುವುದು ಅಪರೂಪ. ಪಬ್ಲಿಷರ್, ಅಂದರೆ ಹಣ ಹೂಡಿ ಆಟವನ್ನು ಮಾರುಕಟ್ಟೆಗೆ ತರುವ ಕಂಪನಿ, ಕಂತು ಕಂತಾಗಿ ಕೊಡುತ್ತದೆ. ಇಂತಿಷ್ಟು ಕೆಲಸ ಮುಗಿಸಿ ತೋರಿಸಿದರೆ ಇಂತಿಷ್ಟು ಹಣ. ಆಟ ಮಾರಾಟವಾದಾಗ ಮೊದಲು ಪಬ್ಲಿಷರ್ ತಾನು ಹಾಕಿದ್ದನ್ನು ಹಿಂದಕ್ಕೆ ಪಡೆಯುತ್ತದೆ, ಆಮೇಲೆ ಸ್ಟುಡಿಯೋಗೆ ಪಾಲು. ಹಾಗಾಗಿ ಲಕ್ಷಗಟ್ಟಲೆ ಮಾರಾಟವಾದ ಆಟದ ಸ್ಟುಡಿಯೋ ಕೈಗೂ ಬಿಡಿಗಾಸು ಬಂದಿರದಿರಬಹುದು.

‘ನಿರೀಕ್ಷೆ’ ಎಂಬುದನ್ನು ನಿಗದಿ ಮಾಡುವವರೂ ಆಟ ಮಾಡುವವರಲ್ಲ. 2013ರ ಮಾರ್ಚ್‌ನಲ್ಲಿ ಬಂದ ‘ಟೂಂಬ್ ರೇಡರ್’ ಮೊದಲ ನಾಲ್ಕು ವಾರಗಳಲ್ಲಿ 34 ಲಕ್ಷ ಪ್ರತಿ ಮಾರಾಟವಾಯಿತು. ಅದರ ಪಬ್ಲಿಷರ್ ಸ್ಕ್ವೇರ್ ಎನಿಕ್ಸ್ ಅದನ್ನು ನಿರೀಕ್ಷೆಗಿಂತ ಕಡಿಮೆ ಎಂದೇ ಲೆಕ್ಕ ಹಾಕಿತು. 2012ರಲ್ಲಿ ‘ಕಿಂಗ್‌ಡಮ್ಸ್ ಆಫ್ ಅಮಲೂರ್’ ಮೊದಲ ತೊಂಬತ್ತು ದಿನಗಳಲ್ಲಿ 12 ಲಕ್ಷ ಮಾರಾಟವಾಗಿತ್ತು. ಆದರೂ ಅದರ ಹಿಂದಿದ್ದ ‘38 ಸ್ಟುಡಿಯೋಸ್’ ಎಂಬ ಹೆಸರಿನ ಕಂಪನಿ ಅದೇ ವರ್ಷ ದಿವಾಳಿಯಾಯಿತು. ಅಮೆರಿಕದ ರೋಡ್ ಐಲೆಂಡ್ ರಾಜ್ಯ ಸರ್ಕಾರ 7.5 ಕೋಟಿ ಡಾಲರ್ ಸಾಲಕ್ಕೆ ಜಾಮೀನು ನಿಂತು ತನ್ನಲ್ಲಿಗೆ ಕರೆತಂದಿದ್ದ ಕಂಪನಿ ಅದು. ಅಸಲು ಹುಟ್ಟಲು 30 ಲಕ್ಷ ಪ್ರತಿ ಮಾರಾಟವಾಗಬೇಕಿತ್ತು ಎಂದು ಅಲ್ಲಿನ ಗವರ್ನರ್ ಹೇಳಿದ್ದರು. ಅಲ್ಲಿ ಕೆಲಸ ಮಾಡುತ್ತಿದ್ದ ಕಲಾವಿದರು ತಮ್ಮ ಕೆಲಸದಲ್ಲಿ ಕುಂದು ಹುಡುಕಿಕೊಂಡು ಕೊರಗುವ ಅಗತ್ಯ ಎಲ್ಲಿತ್ತು? ಗುರಿಯನ್ನು ಅಷ್ಟು ಎತ್ತರಕ್ಕೆ ಕಟ್ಟಿದವರು ಬೇರೆ, ಕೆಲಸ ಕಳೆದುಕೊಂಡವರು ಬೇರೆ. ಈ ಅನ್ಯಾಯವನ್ನು ‘ಮಾರುಕಟ್ಟೆಯ ನಿಯಮ’ ಎಂದು ಕರೆದು ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಸ್ಟುಡಿಯೋ ಮುಚ್ಚುವುದು ಹಿಂದಿನ ಆಟದ ನಷ್ಟಕ್ಕಿಂತ ಹೆಚ್ಚಾಗಿ ಮುಂದಿನ ಆಟಕ್ಕೆ ಹಣ ಸಿಗದೆ. ಒಂದು ಆಟ ಮುಗಿದ ಮರುದಿನವೂ ನೂರು ಜನ ಕಚೇರಿಗೆ ಬರುತ್ತಾರೆ, ತಿಂಗಳ ಕೊನೆಗೆ ಸಂಬಳ ಹೋಗಬೇಕು. ಹೊಸ ಆಟಕ್ಕೆ ಒಪ್ಪಂದ ಆಗುವವರೆಗಿನ ಆ ಕೆಲವು ತಿಂಗಳುಗಳೇ ಅಪಾಯದ ಕಾಲ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟ ವರ್ಷ ನಮ್ಮಲ್ಲಿ ರೋಬಸ್ಟಾ ಕಾಫಿ ಬೆಳೆಗಾರರು ಕಾಳುಮೆಣಸಿನ ಹಣದಲ್ಲಿ ಆಳುಗಳ ಕೂಲಿ ಕೊಟ್ಟು ದಾಟಿಕೊಳ್ಳುತ್ತಾರಲ್ಲ, ಒಂದೇ ಆಟವನ್ನು ನಂಬಿದ ಸ್ಟುಡಿಯೋಗೆ ಹಾಗೆ ಕೈಹಿಡಿಯಲು ಮೆಣಸಿನ ಬಳ್ಳಿ ಇರುವುದಿಲ್ಲ. ಮಾರಾಟ ಸಾಧಾರಣವಾಗಿದ್ದರೆ ಹೊಸ ಪಬ್ಲಿಷರ್ ಹಿಂಜರಿಯುತ್ತದೆ, ಇದ್ದ ಹಣ ಕರಗುತ್ತದೆ, ಒಂದು ಬೆಳಿಗ್ಗೆ ಎಲ್ಲರನ್ನೂ ವಿಡಿಯೋ ಸಭೆಗೆ ಕರೆಯುತ್ತಾರೆ.

ಇದು ನಮಗೆ ದೂರದ ಕಥೆಯೂ ಅಲ್ಲ. 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಕಟ್ಟಿದ ಧ್ರುವ ಇಂಟರ್ಯಾಕ್ಟಿವ್ ಭಾರತದ ಗೇಮ್ ಉದ್ಯಮಕ್ಕೆ ದಾರಿ ಹಾಕಿದ ಸಂಸ್ಥೆ. ನಾನು ಅಲ್ಲಿ ಕೆಲಸ ಮಾಡಿದವಳಲ್ಲ, ಆದರೆ ನನ್ನ ತಲೆಮಾರಿನವರೆಲ್ಲ ಆ ಹೆಸರನ್ನು ಗೌರವದಿಂದ ಹೇಳುತ್ತಿದ್ದೆವು. 2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಅದನ್ನು ಕೊಂಡಿತು. 2018ರ ನವೆಂಬರ್‌ನಲ್ಲಿ ಸ್ಟಾರ್‌ಬ್ರೀಜ್‌ನ ‘ಓವರ್‌ಕಿಲ್ಸ್ ದ ವಾಕಿಂಗ್ ಡೆಡ್’ ಆಟ ಮಾರುಕಟ್ಟೆಯಲ್ಲಿ ಮಕಾಡೆ ಮಲಗಿತು. ಡಿಸೆಂಬರ್ ಆರಂಭದಲ್ಲೇ ಕಂಪನಿ ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಹಣ ಹೊಂದಿಸಲು ಕೈಯಲ್ಲಿದ್ದುದನ್ನೆಲ್ಲ ಮಾರತೊಡಗಿತು, 2019ರಲ್ಲಿ ಧ್ರುವ 79 ಲಕ್ಷ ಡಾಲರ್‌ಗೆ ರಾಕ್‌ಸ್ಟಾರ್ ಪಾಲಾಯಿತು. ಸ್ಟಾಕ್‌ಹೋಮ್‌ನ ಒಂದು ಆಟ ಸೋತದ್ದಕ್ಕೆ ಬೆಂಗಳೂರಿನ ಕಚೇರಿಯ ನಾಮಫಲಕ ಬದಲಾಯಿತು. ಜಿಟಿಎ ಮಾಡುವ ರಾಕ್‌ಸ್ಟಾರ್ ಕೊಂಡದ್ದರಿಂದ ಆ ತಂಡಕ್ಕೆ ಮುಂದೆಯೂ ಕೆಲಸವಿತ್ತು. ಕೊಳ್ಳುವವರು ಸಿಗದಿದ್ದರೆ ಏನಾಗುತ್ತಿತ್ತೋ ಎಂದು ಆಗ ನಾವೆಲ್ಲ ಚಿಂತಿಸಿದ್ದೆವು.

ನನ್ನ ಪಾಲಿಗೂ ಅಂಥದ್ದು ಬಂತು. ನಾವು ಕೆಲಸ ಮಾಡಿಕೊಡುತ್ತಿದ್ದ ಹೊರದೇಶದ ಸ್ಟುಡಿಯೋದ ಆಟವೊಂದು ಸರಿಯಾಗಿ ಮಾರಾಟವಾಗಲಿಲ್ಲ. ಅದರ ಮುಂದಿನ ಆಟಕ್ಕೆ ನಮ್ಮ ತಂಡ ಆಗಲೇ ಒಂದು ಇಡೀ ಬಂದರು ಪಟ್ಟಣವನ್ನು ಕಟ್ಟುತ್ತಿತ್ತು. ಸ್ಟುಡಿಯೋ ಮುಚ್ಚಿತು, ಪಟ್ಟಣ ಅರ್ಧಕ್ಕೆ ನಿಂತಿತು, ನಮ್ಮಲ್ಲಿ ಕೆಲವರನ್ನು ಬೇರೆ ಕೆಲಸಕ್ಕೆ ಹಾಕಿದರು, ಹಲವರನ್ನು ಮನೆಗೆ ಕಳುಹಿಸಿದರು. ಸಂಬಳ ನಿಂತದ್ದಕ್ಕಿಂತ ಹೆಚ್ಚು ನೋಯಿಸಿದ್ದು ಬೇರೊಂದು. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿರುವುದರಿಂದ, ಬಿಡುಗಡೆಯಾಗದ ಆಟಕ್ಕೆ ಮಾಡಿದ ಕೆಲಸವನ್ನು ನಾವು ಯಾರಿಗೂ ತೋರಿಸುವಂತಿಲ್ಲ. ಹೊಸ ಕೆಲಸ ಹುಡುಕುವಾಗ ಅಷ್ಟು ಕಾಲದ ದುಡಿಮೆಗೆ ಒಂದು ಚಿತ್ರದ ಸಾಕ್ಷಿಯೂ ಇಲ್ಲ. ನನ್ನ ಜೊತೆಗಿದ್ದ ಹುಡುಗಿಯೊಬ್ಬಳು ಆ ಬಂದರಿನ ದೀಪಸ್ತಂಭವನ್ನು ಎಷ್ಟು ಚೆನ್ನಾಗಿ ಮಾಡಿದ್ದಳೆಂದರೆ, ಮೆಟ್ಟಿಲುಗಳ ಸವೆತ ನೋಡಿದರೆ ಸಾಕು, ಅಲ್ಲಿ ಎಷ್ಟು ತಲೆಮಾರು ಹತ್ತಿಳಿದಿದೆ ಎಂಬುದು ತಿಳಿಯುತ್ತಿತ್ತು. ಅದನ್ನು ನೋಡಿದವರು ನಾವು ಕೆಲವೇ ಜನ.

ಮುಚ್ಚುವುದರಲ್ಲೂ ರೀತಿಯಿದೆ ಎಂಬುದನ್ನೂ ಹೇಳಬೇಕು. ಜರ್ಮನಿಯ ಮ್ಯೂನಿಕ್‌ನ ಮಿಮಿಮಿ ಗೇಮ್ಸ್ 2023ರಲ್ಲಿ ‘ಶ್ಯಾಡೋ ಗ್ಯಾಂಬಿಟ್’ ಬಿಡುಗಡೆ ಮಾಡಿದ ಕೆಲವೇ ದಿನಗಳಲ್ಲಿ ತಾನೇ ಬಾಗಿಲು ಹಾಕುವುದಾಗಿ ತಿಳಿಸಿತು. ಏರುತ್ತಿದ್ದ ಖರ್ಚು, ಹಣ ಹೊಂದಿಸುವ ಹೊರೆ, ತಮ್ಮ ಮತ್ತು ಮನೆಯವರ ಮೇಲೆ ಬಿದ್ದ ಒತ್ತಡ ಇವನ್ನು ಸ್ಥಾಪಕರು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಆಮೇಲೂ ತಂಡ ಆ ಆಟದ ಹೆಚ್ಚುವರಿ ಭಾಗಗಳನ್ನು ಡಿಸೆಂಬರ್‌ನಲ್ಲಿ ಕೊಟ್ಟು ಮುಗಿಸಿತು. ಇಂಥವರ ಬಗ್ಗೆ ನನಗೆ ಅಪಾರ ಗೌರವವಿದೆ.

ಇನ್ನು ನಿಮ್ಮ ಮಗ ಹೇಳಿದ ‘ಹೈ-ಫೈ ರಶ್’ ವಿಷಯ. ಟೋಕಿಯೋದ ಟ್ಯಾಂಗೋ ಗೇಮ್‌ವರ್ಕ್ಸ್ ಅದನ್ನು 2023ರ ಜನವರಿಯಲ್ಲಿ ಬಿಡುಗಡೆ ಮಾಡಿತ್ತು. 30 ಲಕ್ಷ ಜನ ಆಡಿದರು, ಪ್ರಶಸ್ತಿಗಳೂ ಬಂದವು. ಆದರೆ ಅವರಲ್ಲಿ ಎಷ್ಟೋ ಜನ ಆಡಿದ್ದು ಮೈಕ್ರೋಸಾಫ್ಟಿನ ಮಾಸಿಕ ಚಂದಾ ವ್ಯವಸ್ಥೆಯ ಮೂಲಕ, ಬಿಡಿಯಾಗಿ ಕೊಂಡಲ್ಲ. 2024ರ ಮೇ ತಿಂಗಳಲ್ಲಿ ಆ ಸ್ಟುಡಿಯೋದ ಒಡೆತನ ಹೊಂದಿದ್ದ ಮೈಕ್ರೋಸಾಫ್ಟ್ ಅದನ್ನು ಮುಚ್ಚುವುದಾಗಿ ಹೇಳಿತು. ಅವನು ಬಹುಶಃ ಅಲ್ಲಿಯವರೆಗೆ ಮಾತ್ರ ಓದಿದ್ದಾನೆ. ಅದೇ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಕ್ರಾಫ್ಟನ್, ನಮ್ಮ ಹುಡುಗರೆಲ್ಲ ಆಡುವ ಬಿಜಿಎಂಐ ಆಟದ ಕಂಪನಿಯೇ, ಆ ತಂಡವನ್ನೂ ಹೈ-ಫೈ ರಶ್ ಆಟದ ಹಕ್ಕನ್ನೂ ಪಡೆಯುವುದಾಗಿ ಪ್ರಕಟಿಸಿತು. ಬಿಜಾರ್‌ನಿಂದ ಹೊರಬಿದ್ದವರಲ್ಲಿ ಕೆಲವರು ಲಿವರ್‌ಪೂಲ್‌ನಲ್ಲೇ ಲೂಸಿಡ್ ಗೇಮ್ಸ್ ಕಟ್ಟಿದರು. ಕಂಪನಿ ಅಳಿದರೂ ಕಲಿತ ಕೈಗಳು ಉಳಿಯುತ್ತವೆ ಎಂಬ ಧೈರ್ಯದ ಮೇಲೆಯೇ ನಾನು ನಿಮಗೆ ಕಳುಹಿಸಿ ಎನ್ನುತ್ತಿರುವುದು.

ಹೇಗೆ ಕಳುಹಿಸಬೇಕು? ಡಿಗ್ರಿ ಬಿಡಿಸಬೇಡಿ. ಚಿತ್ರಕಲೆಯತ್ತ ಒಲವಿದ್ದರೆ ಬಿಎಫ್‌ಎ ಅಥವಾ ವಿನ್ಯಾಸ ಪದವಿ, ಪ್ರೋಗ್ರಾಮಿಂಗ್‌ನತ್ತ ಒಲವಿದ್ದರೆ ಬಿಸಿಎ ಅಥವಾ ಇಂಜಿನಿಯರಿಂಗ್ ಓದಲಿ. ಮುಂದೆ ಬೇಕೆನಿಸಿದರೆ ಬೆಂಗಳೂರಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ (ಎನ್‌ಐಡಿ) ಗೇಮ್ ವಿನ್ಯಾಸದಲ್ಲೇ ಸ್ನಾತಕೋತ್ತರ ಪದವಿ ಇದೆ. ಕೆಲಸ ಖಚಿತ ಎಂದು ಜಾಹೀರಾತು ಕೊಟ್ಟು ಲಕ್ಷಗಟ್ಟಲೆ ಶುಲ್ಕ ಕೇಳುವ ತರಬೇತಿ ಕೇಂದ್ರಗಳಿಗೆ ತೋಟದ ದುಡ್ಡು ಸುರಿಯಬೇಡಿ. ಮೂರು ಆಯಾಮದ ಚಿತ್ರ ಮಾಡುವ ಬ್ಲೆಂಡರ್, ಆಟ ಕಟ್ಟುವ ಗೋಡೋ ಎಂಬ ತಂತ್ರಾಂಶಗಳೆರಡೂ ಉಚಿತ. ಮನೆಯ ಕಂಪ್ಯೂಟರಿನಲ್ಲಿ ಇಂದೇ ಶುರುಮಾಡಬಹುದು. ಮೊದಲ ನೌಕರಿ ಹಲವು ಗ್ರಾಹಕರಿರುವ ಕಂಪನಿಯಲ್ಲಾದರೆ ಒಳ್ಳೆಯದು, ಒಂದು ಗ್ರಾಹಕ ಹೋದರೂ ಇನ್ನೊಂದು ಇರುತ್ತದೆ. ಸಂದರ್ಶನದಲ್ಲಿ ಅವನೂ ಪ್ರಶ್ನೆ ಕೇಳಲಿ: ಈ ಆಟಕ್ಕೆ ಹಣ ಯಾರದು, ಇದು ಮುಗಿದ ಮೇಲೆ ತಂಡಕ್ಕೆ ಯಾವ ಕೆಲಸ ಕಾದಿದೆ, ಒಪ್ಪಂದ ಆಗಿದೆಯೇ ಅಥವಾ ಮಾತುಕತೆಯಲ್ಲಿದೆಯೇ. ಕೇಳಿದ್ದಕ್ಕೆ ಸಿಡುಕುವ ಕಡೆ ಸೇರುವುದು ಬೇಡ.

ಸಂಬಳದ ಕೆಲಸ ಎಷ್ಟೇ ಇದ್ದರೂ ತನ್ನದೇ ಕೆಲಸವೊಂದನ್ನು ಸದಾ ಜೊತೆಗೆ ಮಾಡುತ್ತಿರಬೇಕು, ಅದಕ್ಕೆ ಗ್ರಾಹಕರ ಗೋಪ್ಯತೆಯ ಒಪ್ಪಂದ ಅಡ್ಡ ಬರುವುದಿಲ್ಲ. ಎಲ್ಲರೂ ಮಾಡುವ ಕತ್ತಿ, ಡ್ರ್ಯಾಗನ್, ಬಾಹ್ಯಾಕಾಶ ನೌಕೆ ಬೇಡ. ಐನ್‌ಮನೆಯ (ಕೊಡವ ಕುಲದ ಹಿರಿಮನೆಯ) ಕೆತ್ತನೆ ಕಂಬ, ಪಾಚಿ ಹಿಡಿದ ಹೆಂಚು, ಜುಲೈ ಮಳೆಯಲ್ಲಿ ತೋಟದ ಕೆಂಪು ಮಣ್ಣಿನ ದಾರಿ, ಕಣದಲ್ಲಿ ಹರಡಿದ ಕಾಫಿ ಇವನ್ನು ಮಾಡಲಿ. ಒದ್ದೆ ಕಲ್ಲು ಹೇಗೆ ಹೊಳೆಯುತ್ತದೆ ಎಂದು ಹುಟ್ಟಿದಾಗಿನಿಂದ ನೋಡಿದವನು ಅವನು, ಕೆಲಸಕ್ಕೆ ಆರಿಸುವವರ ಕಣ್ಣಿಗೆ ಅದು ತಕ್ಷಣ ಬೀಳುತ್ತದೆ. ಈಗಾಗಲೇ ಏನಾದರೂ ಮಾಡಿದ್ದರೆ, ಅರ್ಧಕ್ಕೆ ನಿಂತಿದ್ದರೂ ಪರವಾಗಿಲ್ಲ, ಈ ಉತ್ತರದ ಕೆಳಗೆ ಹಾಕಲು ಹೇಳಿ. ನೋಡಿ, ಎಲ್ಲಿ ತಿದ್ದಬೇಕು ಎಂದು ಬರೆಯುತ್ತೇನೆ.