ಓಮ್ನಿಗೆ ಹಳೇ ಬಾಗಿಲು ತರುವುದಾದರೆ: ಡೆಂಟ್ ಇದ್ದರೆ ಇರಲಿ, ತುಕ್ಕು ಬೇಡ

ನಿಮ್ಮ 2011ರ ಮಾರುತಿ ಓಮ್ನಿ ವ್ಯಾನಿನ ಎಡಗಡೆ ಸ್ಲೈಡಿಂಗ್ ಬಾಗಿಲು ಕೆಳಗೆ ತುಕ್ಕು ತಿಂದು ತೂತಾಗಿದೆ. ಟಿಂಕರಿಂಗ್‌ನವರು ತಗಡು ವೆಲ್ಡ್ ಮಾಡಿ ಪ್ಯಾಚ್ ಹಾಕೋಣ ಅಂತಾರೆ, ಗೆಳೆಯರು ಗುಜರಿಯಿಂದ ಬೇರೆ ಬಾಗಿಲು ತನ್ನಿ ಅಂತಾರೆ. ಯಾವುದು ಸರಿ ಅಂತ ಕೇಳಿದ್ದೀರಿ. ಗುಜರಿ ಬಾಗಿಲೇ ತನ್ನಿ. ಆದರೆ ಹೊರಗೆ ಫಳಫಳ ಹೊಳೆಯುವ ಬಾಗಿಲನ್ನು ನಂಬಬೇಡಿ. ಡೆಂಟ್ ಇದ್ದರೂ ಪರವಾಗಿಲ್ಲ, ಕೆಳಗಿನ ಅಂಚಿನಲ್ಲಿ ತುಕ್ಕು ಇಲ್ಲದ್ದನ್ನು ಆರಿಸಿ.

ನಮ್ಮದು ಉಡುಪಿಯಲ್ಲಿ ಅಡುಗೆ ಕಂಟ್ರಾಕ್ಟಿನ ಕೆಲಸ. ಓಮ್ನಿ ಇಲ್ಲದಿದ್ದರೆ ಪಾತ್ರೆ ಹೋಗುವುದಿಲ್ಲ, ತರಕಾರಿ ಬರುವುದಿಲ್ಲ. ಹಾಗಾಗಿ ಈ ಬಾಗಿಲಿನ ಕಷ್ಟ ನನಗೆ ಚೆನ್ನಾಗಿ ಗೊತ್ತು.

ಓಮ್ನಿಯ ಬಾಗಿಲು ಕೊಳೆಯುವುದು ಹೊರಗಿನಿಂದ ಅಲ್ಲ, ಒಳಗಿನಿಂದ. ಮಳೆನೀರು ಕಿಟಕಿ ಗಾಜಿನ ರಬ್ಬರ್ ಸಂದಿಯಿಂದ ಬಾಗಿಲಿನೊಳಗೆ ಇಳಿಯುತ್ತದೆ. ಇಳಿದದ್ದು ಹೊರಗೆ ಹೋಗಲಿ ಅಂತಲೇ ತಳದಲ್ಲಿ ಸಣ್ಣ ತೂತುಗಳಿವೆ. ಅವು ಮಣ್ಣು, ಧೂಳು ಕಟ್ಟಿ ಮುಚ್ಚಿದವು ಅಂದರೆ ನೀರು ಅಲ್ಲೇ ನಿಲ್ಲುತ್ತದೆ. ಹೊರಗಿನ ತಗಡನ್ನು ಒಳಗಿನ ಫ್ರೇಮಿನ ಸುತ್ತ ಮಡಿಸಿರುತ್ತಾರಲ್ಲ, ತುಕ್ಕು ಶುರುವಾಗುವುದು ಆ ಮಡಿಕೆಯೊಳಗೆ. ನಮ್ಮಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಜಾಸ್ತಿ ಮಳೆ, ಮೇಲಿಂದ ಸಮುದ್ರದ ಉಪ್ಪು ಗಾಳಿ ಬೇರೆ. ಪೇಂಟ್ ಗುಳ್ಳೆ ಎದ್ದು ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗೆ ಪೂರ್ತಿ ಲಡ್ಡಾಗಿರುತ್ತದೆ.

ಪ್ಯಾಚ್ ಬೇಡ ಅನ್ನುವುದೂ ಇದಕ್ಕೇ. ವೆಲ್ಡಿಂಗ್ ಬಿಸಿಗೆ ಒಳಗಿನ ಪೇಂಟ್ ಸುಟ್ಟು ಹೋಗುತ್ತದೆ. ಆ ಜಾಗಕ್ಕೆ ಮತ್ತೆ ಬ್ರಷ್ ಹಾಕಲು ಕೈ ಹೋಗುವುದಿಲ್ಲ. ಹೊರಗೆ ಪುಟ್ಟಿ ಬಳಿದು ನುಣ್ಣಗೆ ಮಾಡಿಕೊಡುತ್ತಾರೆ, ಮುಂದಿನ ಮಳೆಗಾಲಕ್ಕೆ ಪ್ಯಾಚಿನ ಪಕ್ಕದಲ್ಲೇ ಹೊಸ ಗುಳ್ಳೆ.

ಗುಜರಿ ಅಂಗಡಿಗೆ ಹೋಗುವಾಗ ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್, ಒಂದು ಸಣ್ಣ ಅಯಸ್ಕಾಂತ ಮತ್ತು ಅಳತೆ ಟೇಪು ತೆಗೆದುಕೊಂಡು ಹೋಗಿ. ಬಾಗಿಲನ್ನು ಗೋಡೆಗೆ ಒರಗಿಸಿ ತೋರಿಸುತ್ತಾರೆ. ಹಾಗೇ ನೋಡಿ ರೇಟು ಮಾತಾಡಬೇಡಿ. ತಲೆಕೆಳಗು ಮಾಡಿಸಿ. ಒಳಗಿನ ಬೋರ್ಡು ಇದ್ದರೆ ಬಿಚ್ಚಿಸಿ. ತಳದ ಮಡಿಕೆಯ ಉದ್ದಕ್ಕೂ ಸ್ಕ್ರೂಡ್ರೈವರ್ ತುದಿಯನ್ನು ಒತ್ತುತ್ತಾ ಹೋಗಿ. ಒಳ್ಳೆ ತಗಡು ಅಲ್ಲಾಡುವುದಿಲ್ಲ. ಕೊಳೆತ ಕಡೆ ತುದಿ ಒಳಗೆ ಇಳಿಯುತ್ತದೆ, ಇಲ್ಲವೇ ಕಂದು ಪುಡಿ ಉದುರುತ್ತದೆ. ಒಳಗಿನ ದೊಡ್ಡ ಕಿಂಡಿಯಿಂದ ಟಾರ್ಚು ಬಿಟ್ಟು ಮೂಲೆಗಳನ್ನು ನೋಡಿ. ಎರಡೂ ಕೆಳಮೂಲೆ ಮುಖ್ಯ, ನೀರು ಕೊನೆಗೆ ಹೋಗಿ ನಿಲ್ಲುವುದು ಅಲ್ಲೇ. ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಹೊರಮೈ ಮೇಲೆ ಎಳೆಯಿರಿ. ಎಲ್ಲಿ ಹಿಡಿತ ಸಡಿಲವಾಗುತ್ತದೋ ಅಲ್ಲಿ ದಪ್ಪ ಪುಟ್ಟಿ ಉಂಟು ಅಂತ ಅರ್ಥ. ತಳಕ್ಕೆ ಮಾತ್ರ ಹೊಸ ಕಪ್ಪು ಪೇಂಟ್ ಹೊಡೆದಿದ್ದರೆ ಆ ಬಾಗಿಲು ಬಿಟ್ಟುಬಿಡಿ.

ನಡುವಿನಲ್ಲಿ ಡೆಂಟ್ ಇದ್ದರೆ ಟಿಂಕರ್ ಎಳೆದು ಸರಿ ಮಾಡುತ್ತಾರೆ, ರೇಟೂ ಇಳಿಯುತ್ತದೆ. ಆದರೆ ಅಂಚು ತಿರುಚಿದ್ದರೆ, ಅಥವಾ ಮೇಲೆ, ನಡುವೆ, ಕೆಳಗೆ ರೋಲರ್ ಕೂರುವ ಜಾಗ ಬಗ್ಗಿದ್ದರೆ, ಬೋಲ್ಟಿನ ತೂತು ಹರಿದಿದ್ದರೆ ಬೇಡ. ಅಂಥ ಬಾಗಿಲು ಎಷ್ಟು ಸರಿ ಮಾಡಿದರೂ ಎಳೆಯುವಾಗ ತಡೆಯುತ್ತದೆ. ರೋಲರ್ ಸವೆದಿದ್ದರೆ ಚಿಂತೆ ಇಲ್ಲ, ಹೊಸದು ಹಾಕಬಹುದು. ಬೀಗ ನಿಮ್ಮ ಹಳೇ ಬಾಗಿಲಿನದ್ದೇ ಬಿಚ್ಚಿ ಹಾಕಿಸಿಕೊಳ್ಳಿ, ಕೀಲಿ ಒಂದೇ ಇರುತ್ತದೆ.

ಮಾಡೆಲ್ ವಿಷಯ. ಈ ಗಾಡಿ 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದು, 2019ರವರೆಗೆ ತಯಾರಾಯಿತು. ಇಷ್ಟು ವರ್ಷಗಳಲ್ಲಿ ಸಣ್ಣಪುಟ್ಟ ಬದಲಾವಣೆ ಆಗಿಯೇ ಇರುತ್ತದೆ. ಹಾಗಾಗಿ ಆದಷ್ಟು ನಿಮ್ಮ ಗಾಡಿಯ ಆಸುಪಾಸಿನ ವರ್ಷದ್ದೇ ಹುಡುಕಿ, ಹಳೇ ಬಾಗಿಲಿನ ಅಳತೆ, ಫೋಟೋ ಇಟ್ಟುಕೊಂಡು ಹೋಲಿಸಿ. ಮಾರುತಿಯದ್ದೇ ಇನ್ನೊಂದು ವ್ಯಾನ್ ಈಕೋದ ಬಾಗಿಲು ಇದಕ್ಕೆ ಕೂರುವುದಿಲ್ಲ. ಎಡದ್ದು ಬಲಕ್ಕೂ ಆಗುವುದಿಲ್ಲ.

ಇನ್ನೊಂದು ಮಾತು ಮಾರಾಯ್ರೆ, ಅಂಗಡಿಯವರಲ್ಲಿ ಆ ಗಾಡಿ ಎಲ್ಲಿಯದು ಅಂತ ಕೇಳಿ. ಕೆಎ 19 (ಮಂಗಳೂರು), ಕೆಎ 20 (ಉಡುಪಿ) ನಂಬರಿನ ಗಾಡಿಯಾದರೆ ಅದೂ ನಮ್ಮದೇ ಮಳೆ, ನಮ್ಮದೇ ಉಪ್ಪು ಗಾಳಿ ಕುಡಿದದ್ದು. ಘಟ್ಟದ ಮೇಲಿನ ಒಣ ಊರಿನ ಗಾಡಿ ಸಿಕ್ಕರೆ ಬಿಡಬೇಡಿ. ಚಿತ್ರದುರ್ಗ, ದಾವಣಗೆರೆ ಕಡೆ ಮಳೆ ನಮ್ಮಲ್ಲಿ ಬೀಳುವುದರ ಕಾಲು ಭಾಗವೂ ಇಲ್ಲ. ಅಲ್ಲಿ ಪರಿಚಯದವರಿದ್ದರೆ ಈ ಪರೀಕ್ಷೆಗಳನ್ನು ವಿಡಿಯೋ ಕಾಲಿನಲ್ಲಿ ಮಾಡಿಸಿ, ಮೂಲೆಗಳಿಗೆ ರಟ್ಟು ಕಟ್ಟಿಸಿ ಪಾರ್ಸೆಲ್ ಹಾಕಿಸಿ. ಸಾಗಾಟದ ಖರ್ಚು ಸೇರಿದರೂ ಅದೇ ಲಾಭ ಅನ್ನುವುದು ನನ್ನ ಅನಿಸಿಕೆ.

ಬಿಲ್ ಕೇಳಿ ಪಡೆಯಿರಿ. ಬಿಚ್ಚಿದ ಗಾಡಿಯ ಆರ್‌ಸಿ ಪ್ರತಿ ತೋರಿಸಿದರೆ ಇನ್ನೂ ಒಳ್ಳೆಯದು. ಕದ್ದ ಮಾಲು ಅಂತ ಗೊತ್ತಿದ್ದೂ ತೆಗೆದುಕೊಂಡರೆ ತಪ್ಪು ನಮ್ಮ ಮೇಲೂ ಬರುತ್ತದೆ. ಬಾಗಿಲಿಗೆ ಗಾಡಿಯದ್ದೇ ಬಣ್ಣ ಹೊಡೆಸಿದರೆ ಆರ್‌ಟಿಒ ಕೆಲಸ ಏನೂ ಇಲ್ಲ. ಇಡೀ ಗಾಡಿಯ ಬಣ್ಣ ಬದಲಾಯಿಸಿದರೆ ಮಾತ್ರ ಆರ್‌ಸಿಯಲ್ಲಿ ಬದಲಾಯಿಸಬೇಕು.

ದುಡ್ಡು ಕೊಡುವ ಮುಂಚೆ ನಿಮ್ಮ ಗಾಡಿಯನ್ನೂ ಒಮ್ಮೆ ಬಗ್ಗಿ ನೋಡಿ. ಕಾಲಿಡುವ ಮೆಟ್ಟಿಲು, ಕೆಳಗಿನ ರೋಲರ್ ಓಡುವ ಜಾಗ ಗಟ್ಟಿಯಾಗಿದೆಯಾ? ಅದೇ ಕೊಳೆತಿದ್ದರೆ ಮೊದಲು ಅದರ ಕೆಲಸ, ಆಮೇಲೆ ಬಾಗಿಲು.

ಪೇಂಟಿಂಗ್ ಕೆಲಸ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೇಡ. ಪುಟ್ಟಿ ತೇವ ಹೀರುತ್ತದೆ. ಆ ತೇವ ಪೇಂಟಿನ ಅಡಿಯಲ್ಲಿ ಸಿಕ್ಕಿಕೊಂಡರೆ ಗುಳ್ಳೆ ಏಳುತ್ತದೆ. ಹೊರಗೆ ಬಣ್ಣ ಹೊಡೆಯುವ ಮುಂಚೆ ಒಳಗೆ ತೊಳೆದು, ಒಣಗಿಸಿ, ಪ್ರೈಮರ್ ಹೊಡೆಸಿ. ಬಣ್ಣ ಒಣಗಿದ ಮೇಲೆ ಒಳಗೆ ತುಕ್ಕು ತಡೆಯುವ ವ್ಯಾಕ್ಸ್ ಕೋಟಿಂಗ್ ಸ್ಪ್ರೇ ಮಾಡಿಸಿ. ಕೆಲವರು ಹಳೇ ಎಂಜಿನ್ ಆಯಿಲ್ ಸುರಿಯುತ್ತಾರೆ. ನಾನು ಬೇಡ ಅಂತೀನಿ, ರಬ್ಬರ್ ಹಾಳಾಗುತ್ತದೆ. ತಳದ ತೂತುಗಳ ಮೇಲೆ ಪುಟ್ಟಿ, ಸೀಲರ್ ಬರಬಾರದು ಅಂತ ಪೇಂಟರ್‌ಗೆ ಮೊದಲೇ ಹೇಳಿ. ಎಲ್ಲ ಮುಗಿದ ಮೇಲೆ, ಗ್ಯಾರೇಜಿನಲ್ಲೇ, ಗಾಜಿನ ರಬ್ಬರ್ ಸಂದಿಗೆ ಒಂದು ಚೊಂಬು ನೀರು ಹೊಯ್ಯಿರಿ. ಒಳಗೆ ಹೋದ ನೀರು ತಳದಿಂದ ತಡವಿಲ್ಲದೆ ಸುರಿಯಬೇಕು. ಸುರಿಯದಿದ್ದರೆ ತೂತು ಬಿಡಿಸಿಕೊಂಡೇ ಗಾಡಿ ಹೊರಡಿಸಿ.