ಮಾತ್ರೆ ಬಿಟ್ಟು ಕಾದವರು: ಒಂದು ಆಪ್ತಸಲಹೆ ಪ್ರಕರಣ

ಕರುಣಾ (ಹೆಸರು ಮತ್ತು ಕೆಲವು ವಿವರ ಬದಲಿಸಿದೆ) ಧಾರವಾಡದ ಕಡೆಯವರು, 43 ವರ್ಷ, ಶಾಲಾ ಶಿಕ್ಷಕಿ, ಪ್ರೊಟೆಸ್ಟೆಂಟ್ ಸಭೆಯೊಂದರ ಸದಸ್ಯೆ. ಥೈರಾಯ್ಡ್ ಕೊರತೆಗೆ ಆರು ವರ್ಷದಿಂದ ದಿನಕ್ಕೆ 75 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ ತೆಗೆದುಕೊಳ್ಳುತ್ತಿದ್ದರು. ಒಂದು ಸ್ವಸ್ಥತೆಯ ಕೂಟದಲ್ಲಿ ಬೋಧಕರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಇನ್ನು ಮಾತ್ರೆ ನುಂಗುವುದು ಅಪನಂಬಿಕೆ ಎಂದರು. ಅಂದಿನಿಂದಲೇ ಮಾತ್ರೆ ನಿಂತಿತು. ಮೂರು ವಾರ ಮೈ ಹಗುರವಾಗಿತ್ತು. ಭಾನುವಾರದ ಆರಾಧನೆಯಲ್ಲಿ ಎದ್ದು ನಿಂತು, ವಾಸಿಯಾಯಿತೆಂದು ಸಾಕ್ಷಿಯನ್ನೂ ಹೇಳಿದರು.

ನಮ್ಮಲ್ಲಿಗೆ ಬಂದದ್ದು ನಾಲ್ಕು ತಿಂಗಳ ಮೇಲೆ. ಪಾಠ ಮಾಡುತ್ತಲೇ ತೂಕಡಿಕೆ, ಬೇಸಿಗೆಯಲ್ಲೂ ಚಳಿ, ಮಲಬದ್ಧತೆ, ಕೂದಲು ಉದುರುವುದು, ಕಾರಣವಿಲ್ಲದೆ ಅಳು. ಪ್ರಾರ್ಥನೆಗೆ ಮೊಣಕಾಲೂರಿದರೆ ಮಾತೇ ಹೊರಡದು. ಪ್ರಾರ್ಥನಾ ಗುಂಪಿನವರು, ‘ಅಕ್ಕಾರ, ನಿಮ್ಮ ಮನಸ್ನಾಗ ಎಲ್ಲೋ ಸಂಶಯ ಹೊಕ್ಕೇತಿ’ ಅಂದಿದ್ದರು. ಅದಕ್ಕೆ ಇವರು ಮೂರು ಮೂರು ದಿನದ ಉಪವಾಸ ಹಿಡಿದಿದ್ದರು. ನಮ್ಮ ಮುಂದಿಟ್ಟ ಪ್ರಶ್ನೆ ಒಂದೇ: ‘ದೇವರು ನನ್ನ ಕೈ ಬಿಟ್ಟಾನೋ, ನನ್ನ ನಂಬಿಕೀನೇ ಸಾಲಲಿಲ್ಲೋ?’

ಆ ಪ್ರಶ್ನೆಗೆ ವಚನ ಹುಡುಕುವ ಮೊದಲು ರಕ್ತಪರೀಕ್ಷೆಗೆ ಕಳುಹಿಸಿದೆವು. ಟಿಎಸ್‌ಎಚ್ (ಥೈರಾಯ್ಡ್ ಕೊರತೆಯಾದಾಗ ರಕ್ತದಲ್ಲಿ ಏರುವ ಹಾರ್ಮೋನ್) 38 ಬಂತು. ಸಾಮಾನ್ಯ ಮಿತಿ ಸುಮಾರು 0.4ರಿಂದ 4. ಮೊದಲ ಮೂರು ವಾರದ ಹುರುಪಿಗೂ ಇಲ್ಲೇ ವಿವರಣೆಯಿದೆ. ಈ ಔಷಧ ಮೈಯಲ್ಲಿ ನಿಧಾನವಾಗಿ ಕರಗುತ್ತದೆ. ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಬಿಟ್ಟ ಮರುದಿನ ಏನೂ ಆಗುವುದಿಲ್ಲ, ವಾರಗಳು ಕಳೆದ ಮೇಲೆ ಸುಸ್ತು ಏರುತ್ತದೆ. ಅಷ್ಟರಲ್ಲಿ ಸಾಕ್ಷಿ ಹೇಳಿ ಆಗಿರುತ್ತದೆ. ಥೈರಾಯ್ಡ್ ಕೊರತೆ ಮನಸ್ಸನ್ನೂ ಮಂಕಾಗಿಸುವುದರಿಂದ, ಗ್ರಂಥಿಯ ಕೊರತೆಯನ್ನು ಆತ್ಮದ ಬರಗಾಲ ಎಂದುಕೊಳ್ಳುವುದು ಬಲು ಸುಲಭ. ಸಾಯಬೇಕೆನ್ನುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆವು. ಇಲ್ಲ ಎಂದರು. ಇದ್ದಿದ್ದರೆ ಅದೇ ದಿನ ಮನೋವೈದ್ಯರ ಬಳಿ ಕಳುಹಿಸುತ್ತಿದ್ದೆವು. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416ನ್ನು ಹೇಗೂ ಬರೆದುಕೊಟ್ಟೆವು.

ಮಾತ್ರೆಯನ್ನು ತಾವಾಗಿ ಮತ್ತೆ ಶುರು ಮಾಡಬೇಡಿ, ಪ್ರಮಾಣವನ್ನು ವೈದ್ಯರೇ ಹೇಳಲಿ ಎಂದೆವು. ಹೃದಯದ ತೊಂದರೆ ಇರುವವರಿಗೆ ಕಡಿಮೆಯಿಂದ ಆರಂಭಿಸಬೇಕಾಗುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನೊಡನೆ, ಚಹಾ ಕಾಫಿಗೆ ಅರ್ಧದಿಂದ ಒಂದು ಗಂಟೆ ಮೊದಲು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿದ್ದರೆ 4 ಗಂಟೆ ಅಂತರ. ದೀರ್ಘ ಉಪವಾಸ ಸದ್ಯಕ್ಕೆ ಬೇಡ.

ಎರಡನೆಯ ಭೇಟಿಯಲ್ಲಿ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಮೂರು ಕಂಬಸಾಲು ಬರೆಸಿದೆವು: ದೇವರು ಮಾತು ಕೊಟ್ಟದ್ದು, ನಾನು ಬೇಡಿಕೊಂಡದ್ದು, ವೇದಿಕೆಯ ಮೇಲಿನವರು ಹೇಳಿದ್ದು. ‘ನಿನ್ನನ್ನು ಕೈಬಿಡುವುದಿಲ್ಲ’ (ಇಬ್ರಿಯ 13:5) ಮೊದಲನೆಯದರಲ್ಲಿ ಬಂತು. ಥೈರಾಯ್ಡ್ ಪೂರ್ತಿ ವಾಸಿಯಾಗಲಿ ಎಂಬುದು ಎರಡನೆಯದರಲ್ಲಿ. ‘ಮಾತ್ರೆ ಬಿಡು’ ಎಂಬುದನ್ನು ಎಲ್ಲಿ ಬರೆಯುವುದೆಂದು ಕರುಣಾ ಬಹಳ ಹೊತ್ತು ಪೆನ್ನು ಹಿಡಿದು ಕುಳಿತರು. ಕೊನೆಗೆ ಮೂರನೆಯದರಲ್ಲಿ ಬರೆದರು. ಇಂಥ ಪ್ರಕರಣಗಳಲ್ಲಿ ಕೆಡುವುದು ಬಹುಮಟ್ಟಿಗೆ ಇಲ್ಲೇ: ಮೂರನೆಯ ಸಾಲಿನ ಮಾತು ಮೊದಲನೆಯ ಸಾಲಿಗೆ ಹತ್ತಿ ಕುಳಿತಿರುತ್ತದೆ. ಅದು ಸುಳ್ಳಾದಾಗ ದೇವರೇ ಸುಳ್ಳಾದಂತೆ ತೋರುತ್ತದೆ.

ಔಷಧಿ ಅಪನಂಬಿಕೆ ಎಂಬ ಮಾತನ್ನು ಸತ್ಯವೇದದ ಮುಂದಿಟ್ಟು ನೋಡಿದೆವು. ಅರಸ ಹಿಜ್ಕೀಯನಿಗೆ 15 ವರ್ಷ ಆಯುಷ್ಯ ಹೆಚ್ಚಿಸುವೆನೆಂಬ ದೇವರ ಮಾತು ಬಂದಮೇಲೂ ಪ್ರವಾದಿ ಯೆಶಾಯನು ಹುಣ್ಣಿನ ಮೇಲೆ ಅಂಜೂರದ ಉಂಡೆ ಕಟ್ಟಿಸಿದನು (2 ಅರಸುಗಳು 20). ಅಪೊಸ್ತಲ ಪೌಲನು ತನ್ನ ಶಿಷ್ಯ ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ಹೇಳಿದನು. ಜೊತೆಗಾರ ತ್ರೊಫಿಮನನ್ನು ಅಸ್ವಸ್ಥನಾಗಿಯೇ ಮಿಲೇತದಲ್ಲಿ ಬಿಟ್ಟು ಬಂದೆನೆಂದು ಬರೆದನು. ಅವನಿಗೆ ನಂಬಿಕೆ ಸಾಲದೆಂದು ಒಂದಕ್ಷರವೂ ಅಲ್ಲಿಲ್ಲ. ತನ್ನದೇ ಶೂಲಕ್ಕೆ ಪೌಲನು ಮೂರು ಸಲ ಬೇಡಿಕೊಂಡ. ಅವನಿಗೆ ಸಿಕ್ಕಿದ್ದು ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ.

ತಾಳ್ಮೆ ಎಂದರೆ ಕೈಕಟ್ಟಿ ಕೂರುವುದು ಎಂದೂ ಕರುಣಾ ತಿಳಿದಿದ್ದರು. ಯಾಕೋಬನ ಪತ್ರಿಕೆ 5:7ರ ರೈತ ಮುಂಗಾರು ಹಿಂಗಾರಿಗೆ ಕಾಯುತ್ತಾನೆ. ಮಳೆ ಅವನ ಕೈಯಲ್ಲಿಲ್ಲ, ನಿಜ. ಆದರೆ ಕಾಯುವಾಗ ಎಡೆಕುಂಟೆ ಹೊಡೆಯುವುದನ್ನು, ಕಳೆ ತೆಗೆಯುವುದನ್ನು ಯಾವ ರೈತನೂ ಬಿಡುವುದಿಲ್ಲ. ಇದನ್ನು ಧಾರವಾಡದವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಪ್ರಾರ್ಥನೆಗೆ ಕೀರ್ತನೆ 13ನ್ನು ಕೊಟ್ಟೆವು. ಚಿಕ್ಕದು. ಮೊದಲೆರಡು ವಚನಗಳಲ್ಲೇ ‘ಎಷ್ಟರವರೆಗೆ’ ಎಂಬ ದೂರು ನಾಲ್ಕು ಸಲ ಬರುತ್ತದೆ, ಆಮೇಲೆ ಬೇಡಿಕೆ, ಕೊನೆಗೆ ಭರವಸೆ. ದಿನಕ್ಕೆ ಹತ್ತು ನಿಮಿಷ, ಬಾಯಿಬಿಟ್ಟು ಓದುವುದು, ದೂರಿನ ಜಾಗದಲ್ಲಿ ತಮ್ಮ ದೂರನ್ನೇ ಹೇಳುವುದು. ಭರವಸೆಯ ಸಾಲು ನಾಲಿಗೆಗೆ ಬಾರದ ದಿನ ಕೀರ್ತನೆ 88. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಪ್ರಾರ್ಥನೆಯೇ.

ವೈದ್ಯರು ಮಾತ್ರೆ ಮತ್ತೆ ಶುರು ಮಾಡಿಸಿದ ಐದನೆಯ ವಾರ ಮಾತ್ರೆಯ ಹಾಳೆಯನ್ನು ತರಹೇಳಿ ನೋಡಿದರೆ ನಾಲ್ಕು ಗುಳಿಗೆ ಉಳಿದಿದ್ದವು. ಎಲ್ಲವೂ ಭಾನುವಾರದವು! ಆರಾಧನೆಗೆ ಹೋಗುವ ಮುನ್ನ ಮಾತ್ರೆ ನುಂಗಲು ಮನಸ್ಸು ಒಪ್ಪುತ್ತಿರಲಿಲ್ಲವಂತೆ. ತಪ್ಪಿತಸ್ಥ ಭಾವ ವಾದದಿಂದ ಹೋಗುವಂಥದ್ದಲ್ಲ, ಅಭ್ಯಾಸ ಬದಲಾಗಬೇಕು. ಮಾತ್ರೆಯ ಡಬ್ಬಿಯನ್ನು ಸತ್ಯವೇದದ ಪಕ್ಕದಲ್ಲಿಟ್ಟು, ಊಟಕ್ಕೆ ಮುಂಚೆ ಸ್ತೋತ್ರ ಹೇಳುವಂತೆ ಇದಕ್ಕೂ ಹೇಳಿ ನುಂಗಲು ಸೂಚಿಸಿದೆವು. ಮುಂದಿನ ಹಾಳೆಯಲ್ಲಿ ಒಂದೂ ಉಳಿಯಲಿಲ್ಲ.

ಹೆಚ್ಚು ಕಾಡಿದ್ದು ಆ ಸಾಕ್ಷಿ. ಮೈಕಿನಲ್ಲಿ ಹೇಳಿದ್ದನ್ನು ಮೈಕಿನಲ್ಲೇ ತಿದ್ದಬೇಕೆಂಬ ಅವಸರ ಅವರಿಗಿತ್ತು. ಮೊದಲು ಸಭಾಪಾಲಕರೊಡನೆ ಮಾತಾಡಿ, ಎಂಟು ವಾರದ ರಕ್ತಪರೀಕ್ಷೆ ಮುಗಿಯಲಿ ಎಂದೆವು. ಹೇಳುವ ಮಾತನ್ನು ಕೂಡಿಯೇ ಬರೆದೆವು: ‘ಪ್ರಾರ್ಥಿಸಿದ್ದು ನಿಜ, ಸಮಾಧಾನ ಸಿಕ್ಕಿದ್ದೂ ನಿಜ. ವಾಸಿಯಾಯಿತೆಂದದ್ದು ಪರೀಕ್ಷೆ ಮಾಡಿಸದೆ ಹೇಳಿದ ಮಾತು. ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ; ನೀವು ಯಾರೂ ವೈದ್ಯರನ್ನು ಕೇಳದೆ ಬಿಡಬೇಡಿ.’ ಕೊನೆಯ ವಾಕ್ಯ ಬಹಳ ಮುಖ್ಯ, ಏಕೆಂದರೆ ಅವರ ಸಾಕ್ಷಿ ಕೇಳಿ ಇನ್ನೊಬ್ಬರು ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿದ್ದರು. ‘ನಾ ಆಗಲೇ ಹೇಳಿದ್ದೆ’ ಎಂಬ ಮಾತನ್ನು ಮನೆಯಲ್ಲಿ ಎತ್ತಬಾರದೆಂದು ಗಂಡನಿಗೂ ತಾಕೀತು ಮಾಡಿದೆವು.

ಎಂಟು ವಾರಕ್ಕೆ ಟಿಎಸ್‌ಎಚ್ 6.2ಕ್ಕೆ ಇಳಿಯಿತು, ವೈದ್ಯರು ಪ್ರಮಾಣ ಸ್ವಲ್ಪ ಹೆಚ್ಚಿಸಿದರು. ಅಳು ನಿಂತಿದೆ, ತೂಕಡಿಕೆ ಪೂರ್ತಿ ಹೋಗಿಲ್ಲ. ವಾಸಿಗಾಗಿ ಬೇಡುವುದನ್ನು ಅವರು ಬಿಟ್ಟಿಲ್ಲ, ಬಿಡಬೇಕೆಂದು ನಾವೂ ಹೇಳಿಲ್ಲ. ನೋಟ್‌ಬುಕ್ಕಿನಲ್ಲಿ ಅದು ಈಗಲೂ ಎರಡನೆಯ ಸಾಲಿನಲ್ಲಿದೆ. ಸ್ತ್ರೀಯರ ಕೂಟವನ್ನು ನಡೆಸಿಕೊಡಿ ಎಂದು ಸಭೆಯವರು ಕೇಳಿದ್ದಾರೆ. ಮುಂದಿನ ಪರೀಕ್ಷೆಯ ವರದಿ ಬಂದಮೇಲೆ ಒಪ್ಪಿಕೊಳ್ಳಿ ಎಂದಿದ್ದೇವೆ.