ಬ್ರಾಕಿಥೆರಪಿ ಯಂತ್ರವನ್ನು ಚಿಕಿತ್ಸೆಗೆ ಮೊದಲು ಹೇಗೆ ಪರೀಕ್ಷಿಸುತ್ತಾರೆ?

ದೇಹದ ಒಳಗೇ ವಿಕಿರಣ ಮೂಲ ಇಟ್ಟು ಕೊಡುವ ಚಿಕಿತ್ಸೆ ಇದು. ಹೆಚ್ಚು ಡೋಸ್ ಕೊಡುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರಿಡಿಯಂ-192 ಎಂಬ ವಿಕಿರಣಶೀಲ ಲೋಹ ಇರುತ್ತದೆ. ತೆಳು ತಂತಿಯ ತುದಿಯಲ್ಲಿ, ಅಕ್ಕಿಕಾಳಿಗಿಂತ ಚಿಕ್ಕದು.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಪರೀಕ್ಷೆ ಮೂಲ ನಿಲ್ಲುವ ಜಾಗದ್ದು. 1 ಮಿ.ಮೀ. ತಪ್ಪಿದರೆ ಏನಾಗುತ್ತೆ ಅನ್ನಿಸಬಹುದು. ಆದರೆ ದೂರ ಕಡಿಮೆಯಾದಂತೆ ಡೋಸ್ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. 5 ಮಿ.ಮೀ. ದೂರದಲ್ಲಿರಬೇಕಾದ ಮೂಲ 4 ಮಿ.ಮೀ.ಗೆ ಬಂದರೆ ಅಲ್ಲಿನ ಡೋಸ್ ಸುಮಾರು ಒಂದೂವರೆ ಪಟ್ಟಾಗುತ್ತದೆ! ಅದಕ್ಕೇ ವಿಕಿರಣಕ್ಕೆ ಬಣ್ಣ ಬದಲಿಸುವ ಫಿಲ್ಮ್ ಅಥವಾ ಕ್ಯಾಮೆರಾ, ಸ್ಕೇಲ್ ಇಟ್ಟು ಮೂಲ ಎಲ್ಲಿ ನಿಂತಿತು ಎಂದು ನೋಡುತ್ತಾರೆ. ಯಂತ್ರದಿಂದ ರೋಗಿಯವರೆಗೆ ಮೂಲ ಸಾಗಲು ಜೋಡಿಸುವ ಟ್ಯೂಬ್‌ಗಳ ಉದ್ದವನ್ನೂ ಅಳೆಯಬೇಕು. ಬೇರೆ ಉದ್ದದ ಟ್ಯೂಬ್ ಹಾಕಿದರೆ, ಯಂತ್ರ ಸರಿಯಾಗಿದ್ದರೂ ಡೋಸ್ ತಪ್ಪು ಜಾಗಕ್ಕೆ ಹೋಗುತ್ತದೆ.

ಇನ್ನೊಂದು ಪರೀಕ್ಷೆ ಮೂಲದ ಶಕ್ತಿಯದ್ದು. ಇರಿಡಿಯಂ-192ರ ಅರ್ಧಾಯುಷ್ಯ (ಶಕ್ತಿ ಅರ್ಧಕ್ಕಿಳಿಯಲು ಬೇಕಾದ ಸಮಯ) ಸುಮಾರು 74 ದಿನ, ಅಂದರೆ ದಿನಕ್ಕೆ ಹತ್ತಿರ ಹತ್ತಿರ 1% ಕುಗ್ಗುತ್ತದೆ. ಕೆಲವು ತಿಂಗಳಿಗೊಮ್ಮೆ ಹೊಸ ಮೂಲ ಹಾಕಿದಾಗ, ತಯಾರಕರ ಪ್ರಮಾಣಪತ್ರ ನಂಬಿ ಸುಮ್ನೆ ಕೂರುವಂತಿಲ್ಲ. ಬಾವಿಯಾಕಾರದ ಅಯಾನೀಕರಣ ಚೇಂಬರ್ ಎಂಬ ವಿಕಿರಣ ಅಳೆಯುವ ಉಪಕರಣದಲ್ಲಿ ಆಸ್ಪತ್ರೆಯ ಭೌತವಿಜ್ಞಾನಿಯೇ ಅಳೆದು ಹೋಲಿಸುತ್ತಾರೆ. ಕಂಪ್ಯೂಟರ್‌ನಲ್ಲಿ ದಿನಾಂಕ, ಸಮಯ ಸರಿಯಿದೆಯಾ ಎಂದೂ ನೋಡಬೇಕು. ಅದು ತಪ್ಪಿದರೆ ಕುಗ್ಗುವಿಕೆಯ ಲೆಕ್ಕವೇ ತಪ್ಪುತ್ತದೆ, ಅಲ್ವಾ?

ಕೋಣೆಯ ಬಾಗಿಲು ತೆರೆದರೆ ಮೂಲ ತಾನಾಗಿ ಯಂತ್ರದೊಳಕ್ಕೆ ವಾಪಸ್ ಹೋಗುವುದು, ತುರ್ತು ನಿಲುಗಡೆ ಬಟನ್, ಟೈಮರ್, ಕರೆಂಟ್ ಹೋದಾಗಿನ ಬ್ಯಾಟರಿ, ಕೋಣೆಯ ವಿಕಿರಣ ಮಾನಿಟರ್ ಇವೂ ಪಟ್ಟಿಯಲ್ಲಿವೆ. ಬಹುತೇಕ ಇವನ್ನು ಚಿಕಿತ್ಸೆಯ ದಿನ ಬೆಳಿಗ್ಗೆಯೇ ಮುಗಿಸುತ್ತಾರೆ.

ಚಿಕಿತ್ಸೆ ಮುಗಿದ ಮೇಲೆ ಮೀಟರ್ ಹಿಡಿದು ರೋಗಿಯನ್ನೂ ಪರೀಕ್ಷಿಸುತ್ತಾರೆ. ಮೂಲ ನಿಜವಾಗಿ ಹೊರಬಂದಿದೆ ಎಂಬುದಕ್ಕೆ ಪರದೆಯ ಮೇಲಿನ ಸಂದೇಶವೊಂದೇ ಸಾಲದು.